ಕರವಸ್ತ್ರ ಹಿಡಿದ ಡಾಕ್ಟರು

ಕೊಲೆಗಾರ ಯಾರೆಂಬುದು ಊರಿಗೆಲ್ಲ ಗೊತ್ತಾಗಿತ್ತು. ಕೊಲೆ ಬಿಡುಗಡೆಯಾಗಲು ಮಾತ್ರ ಇನ್ನೂ ಒಂದು ವಾರವಿತ್ತು.

ಕಂಪ್ಯೂಟರ್ ಆಟ ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಎಲ್ಲರೂ ಒಂದೇ ಪರದೆಯನ್ನು ದಿಟ್ಟಿಸುತ್ತಿದ್ದರು. ಅಭಿಮಾನಿಗಳು ಹರಟೆ ಹೊಡೆಯುವ ತಾಣದಲ್ಲಿ ‘ಕುಂಟುಕುರ್ಚಿ’ ಎಂಬ ಹೆಸರಿನ ಯಾರೋ ಬರೆದಿದ್ದರು: “ಕ್ಯಾಪ್ಟನ್ನನ್ನು ಕೊಂದದ್ದು ನೌಕೆಯ ಡಾಕ್ಟರು. ಬೇಕಾದರೆ ಬರೆದಿಟ್ಟುಕೊಳ್ಳಿ.”

‘ಏಳು ಚಂದ್ರರ ಸಾಮ್ರಾಜ್ಯ’ ಎಂದರೆ ಸಾಮಾನ್ಯವೇ? ಒಂಬತ್ತು ಸಿನಿಮಾ, ಲೆಕ್ಕವಿಲ್ಲದಷ್ಟು ಗೊಂಬೆ, ಸಾಲದೆಂದು ಹಲ್ಲುಜ್ಜುವ ಬ್ರಷ್ಷಿನ ಮೇಲೂ ಅದರದೇ ಅಂತರಿಕ್ಷ ನೌಕೆ. ಅದರ ಒಡೆಯರು ಈ ಕಂಪನಿಗೆ ಒಂದು ಪುಟ್ಟ ಪತ್ತೇದಾರಿ ಆಟ ಮಾಡಲು ಕೊಟ್ಟಿದ್ದರು. ಚಿತ್ರ ನೋಡುತ್ತ, ಮಾತು ಓದುತ್ತ, ಯಾರನ್ನು ಏನು ಕೇಳಬೇಕೆಂದು ಆರಿಸುತ್ತ ಹೋಗಿ ಕೊಲೆಗಾರನನ್ನು ಹಿಡಿಯುವುದು. ಎರಡು ಗಂಟೆಯ ಆಟ. ಇದ್ದದ್ದು ಒಂದೇ ಗುಟ್ಟು, ಅದೂ ಬೀದಿಪಾಲಾಗಿತ್ತು.

“ಸಂಜೆಯೊಳಗೆ ಕಳ್ಳ ಸಿಗ್ಬೇಕು,” ಎಂದರು ಕಂಪನಿಯ ಯಜಮಾನರು. “ಇಲ್ದಿದ್ರೆ ಒಡೆಯರು ಮುಂದಿನ ದೊಡ್ಡ ಆಟ ನಮಗೆ ಕೊಡಲ್ವಂತೆ. ಅಲ್ಲಾ, ಯಾರೋ ಸುಮ್ನೆ ಊಹೆ ಮಾಡಿರ್ಬಹುದಾ?”

“ಊಹೆನಾ?” ಕಥೆಗಾರ ಎದ್ದು ನಿಂತ. ಎಲ್ಲರಿಗಿಂತ ಮೊದಲು ಎದ್ದವನು ಅವನೇ. ಕಣ್ಣು ಒದ್ದೆಯಾಗಿತ್ತು. “ಸರ್, ನನ್ನ ಕಥೇನ ಊಹೆ ಮಾಡೋಕಾಗುತ್ತಾ? ಕೊನೇ ದೃಶ್ಯ ನನ್ನ ಕಂಪ್ಯೂಟರ್ ಬಿಟ್ರೆ ಬೇರೆಲ್ಲೂ ಇಲ್ಲ. ಯಾರೋ ಕದ್ದಿದ್ದಾರೆ. ಏನು ಸಹಾಯ ಬೇಕಾದ್ರೂ ಕೇಳಿ, ನಾನೇ ಹುಡುಕಿಕೊಡ್ತೀನಿ.”

ಹೆತ್ತವರಿಗೆ ಹೆಗ್ಗಣ ಮುದ್ದು. ಇದು ಅವನ ಏಳನೆಯ ಹೆಗ್ಗಣ. ದೊಡ್ಡ ಆಟದ ಕಥೆಯೂ ತನಗೇ ಎಂದು ನಂಬಿ, ಸ್ನಾನದ ಮನೆಯಲ್ಲಿ ಅವನು ಸಂದರ್ಶನಗಳನ್ನೂ ಕೊಟ್ಟು ಮುಗಿಸಿದ್ದ.

ಕೈ ಹಿಂದೆ ಕಟ್ಟಿಕೊಂಡು ವಿಚಾರಣೆ ಶುರುಮಾಡಿದ. ಮೊದಲು ಸಿಕ್ಕವನು ಚಿತ್ರಕಾರ.

“ಡಾಕ್ಟರೇ ಅಂತ ನಿಂಗೆ ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಮಿಕ್ಕವರಿಗೆಲ್ಲ ಎರಡೆರಡು ಮುಖಭಾವ ಸಾಕು ಅಂದ್ರಿ. ಇವನೊಬ್ಬನಿಗೆ ಹದಿನೈದು ಬರೆಸಿದ್ರಿ. ಪೋಸ್ಟರಲ್ಲೂ ಇವನ ಕೈಗೇ ಕರವಸ್ತ್ರ ಕೊಡಿಸಿದ್ರಿ.”

ಬರಿಯ ಉಡಾಫೆ ಎಂದು ಕಥೆಗಾರ ಮುಂದೆ ನಡೆದ. ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ಬರ್ತಾ ಮೊಳೆ ತನ್ನಿ. ಹೋದ ತಿಂಗಳಿಂದ ಹೇಳ್ತಾನೇ ಇದ್ದೀನಿ.”

“ಇಲ್ಲಿ ನನ್ನ ಮನೆ ಮುಳುಗ್ತಿದೆ, ನಿಂಗೆ ಮೊಳೆ ಚಿಂತೆ!”

ಅವಳಿಗೆ ಕಲೆಯ ಗಂಧವೇ ಇಲ್ಲ ಎಂದು ಅವನ ದೂರು. ಹಿಂದಿನ ಆರೂ ಕಥೆಗಳನ್ನು ಅವನು ಗಟ್ಟಿಯಾಗಿ ಓದಿ ಹೇಳಿದಾಗ ಅವಳು ತರಕಾರಿ ಹೆಚ್ಚುತ್ತಲೇ ಕೇಳಿದ್ದಳು. ಒಮ್ಮೆಯೂ ಬೆಚ್ಚಿಬಿದ್ದಿರಲಿಲ್ಲ.

ಕೊನೆಗೆ ಉಳಿದವಳು, ದಿನವಿಡೀ ಆಟ ಆಡಿ ತಪ್ಪು ಹುಡುಕುವ ಹುಡುಗಿ. ಏಳು ಚಂದ್ರರ ಸಿನಿಮಾ ನೋಡಿಕೊಂಡೇ ಬೆಳೆದವಳು. ಆಟ ಮುಗಿದ ಮೇಲೆ ಬರುವ ಹೆಸರುಗಳಲ್ಲಿ ಮೊದಲ ಬಾರಿಗೆ ಅವಳದೂ ಇತ್ತು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೋರಿಸುತ್ತೇನೆಂದು ಆಫೀಸಿಗೆಲ್ಲ ಸಾರಿದ್ದಳು.

“ಕೊನೇ ದೃಶ್ಯ ನಿಂಗೆ ಕೊಟ್ಟೇ ಇಲ್ಲ. ಆದ್ರೂ ಕೊಲೆಗಾರ ಯಾರಂತ ಗೊತ್ತಾ?”

“ಗೊತ್ತು ಸರ್.”

“ಯಾವಾಗಿಂದ?”

“ಮೊದಲನೇ ದೃಶ್ಯದಿಂದ.”

“ಯಾರಿಗೆ ಹೇಳ್ದೆ?”

“ಹೇಳೋಕೆ ಅದರಲ್ಲಿ ಏನಿದೆ ಸರ್?”

ಇದಕ್ಕಿಂತ ಚೊಕ್ಕ ತಪ್ಪೊಪ್ಪಿಗೆ ಬೇಕೆ? ಅವನ ಕಥೆಗಳ ಪತ್ತೇದಾರರು ಇದರ ಅರ್ಧದಷ್ಟು ಸಾಕ್ಷ್ಯದಲ್ಲಿ ಜನರನ್ನು ಜೈಲಿಗಟ್ಟಿದ್ದರು. ಯಜಮಾನರು ನಿಟ್ಟುಸಿರು ಬಿಟ್ಟು, ಹುಡುಗಿಯ ಹೆಸರು ತೆಗೆಸಿ, ಅವಳಿಗೆ ಬ್ಯಾಗು ಕಟ್ಟಿಕೊಳ್ಳಲು ಹೇಳಿದರು. “ಒಡೆಯರಿಗೆ ತೋರಿಸೋಕೆ ಆ ಕುಂಟುಕುರ್ಚಿಯಿಂದಾನೂ ಒಂದು ಮಾತು ಬರೆಸಿಕೊಳ್ರಿ,” ಎಂದರು.

ಕಥೆಗಾರ ಕುಂಟುಕುರ್ಚಿಗೆ ಬರೆದ: “ನಾನೇ ಈ ಆಟದ ಕಥೆಗಾರ. ನಿಮಗೆ ಗುಟ್ಟು ಹೇಳಿದ್ದು ನಮ್ಮ ಆಫೀಸಿನ ಹುಡುಗಿ ತಾನೆ? ಒಪ್ಪಿಕೊಂಡರೆ ಒಂದು ಗೊಂಬೆ ಕಳಿಸುತ್ತೇನೆ.”

ಉತ್ತರ ತಕ್ಷಣ ಬಂತು.

“ರೀ, ಯಾವ ಹುಡುಗೀನೂ ಹೇಳಿಲ್ಲ. ನೀವು ಮನೆ ಗೋಡೆಗೆ ಅಂಟಿಸಿದ ಪೋಸ್ಟರ್ ನೋಡಿದೆ. ನಿಮ್ಮ ಆರು ಕಥೇಲೂ ಕಣ್ಣೊರೆಸ್ಕೊಂಡು ಸಹಾಯಕ್ಕೆ ಮೊದಲು ಬಂದವನೇ ತಾನೆ ಕೊಂದಿರೋದು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಗೊಂಬೆ ಬೇಡ, ಮೊಳೆ ತನ್ನಿ. ಈ ಕುಂಟು ಕುರ್ಚಿ ಮೇಲೆ ಕೂತೇ ಬರೀತಿದ್ದೀನಿ.”

ಅವನು ಮೂರು ಸಲ ಓದಿದ. ಪ್ರತಿ ಸಲವೂ ಅದೇ ಇತ್ತು.

ಬಾಗಿಲ ಬಳಿ ಹುಡುಗಿ ಬ್ಯಾಗು ಎದೆಗವಚಿಕೊಂಡು ಫೋನಿನಲ್ಲಿ, “ನನ್ನ ಹೆಸರು ಬರಲ್ಲಮ್ಮ,” ಎನ್ನುತ್ತಿದ್ದಳು. ಕಥೆಗಾರ ಫೋನು ಹಿಡಿದು ಅವಳತ್ತ ಎರಡು ಹೆಜ್ಜೆ ಇಟ್ಟ. ಅವನೇನು ಕಟುಕನಲ್ಲ, ಬರಿಯ ಸಾಹಿತಿ. ಫೋನು ತೋರಿಸಿದರೆ ಅವಳು ಉಳಿಯುತ್ತಾಳೆ. ಆದರೆ ತರಕಾರಿ ಹೆಚ್ಚುವವಳು ಪೋಸ್ಟರ್ ನೋಡಿಯೇ ಬಿಡಿಸುವಂಥ ಒಗಟು ಇವನದೆಂದು ಲೋಕಕ್ಕೆಲ್ಲ ತಿಳಿಯುತ್ತದೆ. ಕಳ್ಳನೆನಿಸಿಕೊಂಡು ಬದುಕಬಹುದು, ಅದನ್ನು ಹೊತ್ತುಕೊಂಡು ಹೇಗೆ ಬದುಕುವುದು?

ಆಗ ಅವನಿಗೆ ತನ್ನ ಜೀವಮಾನದ ಅತ್ಯುತ್ತಮ ತಿರುವು ಹೊಳೆಯಿತು. ಫೋನನ್ನು ಜೇಬಿಗಿಳಿಸಿ ಯಜಮಾನರ ಮುಂದೆ ನಿಂತ.

“ಸರ್, ಹುಡುಗೀದು ತಪ್ಪಿಲ್ಲ. ಗುಟ್ಟು ಹೊರಗೆ ಬಿಟ್ಟಿದ್ದು ನಾನೇ.”

ಕೆಲಸ ಹೋಯಿತು, ದೊಡ್ಡ ಆಟವೂ ಹೋಯಿತು. ಹೋಗಲಿ. ಈ ತಿರುವನ್ನು ಮಾತ್ರ ಯಾವ ಕುಂಟುಕುರ್ಚಿಯೂ ಊಹಿಸಿರಲಾರದು. ಎಲ್ಲರೂ ಬೆಚ್ಚಿಬೀಳುವುದನ್ನು ಕಾಯುತ್ತ ಅವನು ಕಣ್ಣೊರೆಸಿಕೊಂಡ.

ಹುಡುಗಿ ಬ್ಯಾಗು ಕೆಳಗಿಟ್ಟು ಯಜಮಾನರತ್ತ ತಿರುಗಿದಳು. “ನಂಗೆ ಬೆಳಿಗ್ಗೇನೇ ಗೊತ್ತಾಗಿತ್ತು ಸರ್. ಕಣ್ಣಲ್ಲಿ ನೀರು ತುಂಬ್ಕೊಂಡು ಸಹಾಯಕ್ಕೆ ಮೊದಲು ಎದ್ದವರು ಇವರೇ ತಾನೆ?”