ಎರೆಯುವ ಹೊತ್ತು

ತನ್ನ ಮಣಿಕಟ್ಟಿನಿಂದ ತಾಯಿಯ ಮಣಿಕಟ್ಟಿಗೆ ಕೊಳವೆ ಜೋಡಿಸಿ ಸವಿತಾ ಬಚ್ಚಲ ಬಾಗಿಲಲ್ಲಿ ಕುಳಿತಳು. ಅವಳ ಡೋಪಮೈನ್, ಕೈಕಾಲಿಗೆ ಹಿಡಿತವನ್ನೂ ಮನಸ್ಸಿಗೆ ಆಸೆಯನ್ನೂ ಕೊಡುವ ಮೆದುಳಿನ ರಸ, ತಾಯಿ ಫಕೀರವ್ವನ ಮೈಗೆ ಇಳಿದಂತೆ ಮುದುಕಿಯ ನಡುಕ ನಿಂತಿತು. ಪಕ್ಕದ ಮನೆಯ ಸೊಸೆಯೂ ಇದೇ ಹೊತ್ತಿಗೆ ಮಾವನಿಗೆ ಕೊಡುತ್ತಾಳೆ, ಅವನು ಗಡ್ಡ ಬೋಳಿಸಿಕೊಳ್ಳುವಷ್ಟು ಹೊತ್ತು. ಕೊಟ್ಟವರಿಗೆ ಆಗ ಯಾವುದೂ ಬೇಕೆನಿಸುವುದಿಲ್ಲ.

ಫಕೀರವ್ವ ಮಣೆಯ ಮೇಲೆ ಕುಳಿತು, ಚಾಚಿದ ಕಾಲ ಮೇಲೆ ಮೊಮ್ಮಗಳನ್ನು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಎರೆದಳು. ಎರಡು ತಿಂಗಳ ಕೂಸು ಸವಿತಾಳನ್ನು ನೋಡಿ ಮೊದಲ ಸಲ ನಕ್ಕಿತು.

"ನೋಡ ಇಲ್ಲೆ! ನಿನ್ನ ನೋಡಿ ನಕ್ಕತು!"

"ಹೂಂ. ನಕ್ಕತು," ಎಂದಳು ಸವಿತಾ, ಗೋಡೆಗೆ ಹೇಳಿದಂತೆ.

ಫಕೀರವ್ವನ ಕಣ್ಣು ತುಂಬಿತು. "ಅಯ್ಯ ನನ್ನವ್ವಾ, ಇದು ನಿನ್ನ ಖುಷಿ ಐತಿ. ನಾ ಯಾಕ ಉಣ್ಲಿ? ತಗೋ." ಕೊಳವೆಯ ತಿರುಪನ್ನು ಹಿಂದಕ್ಕೆ ತಿರುವಿಬಿಟ್ಟಳು.

ಮರಳಿದ್ದು ಮಗಳ ತಲೆಗೇರಲು ಹತ್ತು ನಿಮಿಷ ಬೇಕೆಂಬುದನ್ನು ಮುದುಕಿ ಮರೆತಿದ್ದಳು. ಅವಳ ಕೈಕಾಲು ಒಮ್ಮೆಲೇ ನಡುಗಿದವು. ಎಣ್ಣೆ ಹತ್ತಿದ ಕೂಸು ಜಾರಿ, ಬಚ್ಚಲಲ್ಲಿ ನಿಂತ ನೀರಿಗೆ ಬೋರಲು ಬಿತ್ತು.

"ಎತ್ಗೋ ಸವಿತಾ, ಎತ್ಗೋ!"

ಎತ್ತಿಕೊಳ್ಳಬೇಕೆಂದು ಸವಿತಾಳಿಗೆ ಗೊತ್ತಿತ್ತು. ಏಳಬೇಕು ಅನ್ನಿಸಲಿಲ್ಲ.