ಯಾರೂ ಕೊಳ್ಳದ ಜಾಗ

ಪರದೆಯ ಮೇಲೆ ಆ ಮುಖ ಕಂಡದ್ದೇ ತಡ, ಅಮ್ಮ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

“ಇವನ ಫೋಟೋ ಯಾಕೆ ಇಟ್ಕೊಂಡು ಕೂತಿದ್ದೀಯ? ನಿನ್ನ ತಂಗೀನ ಬಲಿ ತಗೊಂಡವನು ಕಣೇ ಇವನು!”

“ಗೊತ್ತಮ್ಮ. ಆಫೀಸಿನ ಕೆಲಸ.”

ಮಗಳ ಕೆಲಸವೇ ಅದು. ಸುಟ್ಟಗಾಯದವರಿಗೆ ಚಿಕಿತ್ಸೆ ಕೊಡುವ ಪುಟ್ಟ ಸಂಸ್ಥೆಯೊಂದಕ್ಕೆ ದಾನಿಗಳನ್ನು ಹುಡುಕಿಕೊಡುತ್ತಿದ್ದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಪತ್ತೇದಾರಿ. ಪೈಸೆ ಖರ್ಚಿಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲವೂ ಪುಕ್ಕಟೆ ಬಿದ್ದಿರುತ್ತದೆ. ಕಂಪನಿಗಳ ನೋಂದಣಿ, ಹಳೆಯ ಪತ್ರಿಕೆಗಳು, ಬೇರೆ ಸಂಸ್ಥೆಗಳ ವಾರ್ಷಿಕ ವರದಿಗಳು, ಮನೆ ಸೈಟುಗಳ ಜಾಹೀರಾತುಗಳು. ಯಾರ ಹತ್ತಿರ ಎಷ್ಟಿದೆ, ಯಾರ ಮನಸ್ಸು ಯಾವುದಕ್ಕೆ ಕರಗುತ್ತದೆ ಎಂದು ಕೂತಲ್ಲೇ ಹೇಳುತ್ತಿದ್ದಳು.

ಈ ಸಾಹುಕಾರನ ಮನಸ್ಸು ಕರಗುವುದು ತನ್ನ ಹೆಸರಿಗೆ ಮಾತ್ರ. ದೊಡ್ಡ ನಾಮಫಲಕ ಹಾಕಿದ ಕಡೆಗೆಲ್ಲ ಧಾರಾಳವಾಗಿ ಕೊಟ್ಟಿದ್ದ. ಹಾಕದ ಕಡೆ ಬಿಡಿಗಾಸೂ ಬಿಚ್ಚಿರಲಿಲ್ಲ. ಈಗ ಸಂಸ್ಥೆ ಕಟ್ಟಬೇಕೆಂದಿದ್ದ ಆಸ್ಪತ್ರೆಗೂ ದುಡ್ಡು ಕೊಡುತ್ತೇನೆಂದು ಮುಂದೆ ಬಂದಿದ್ದ.

ತಂಗಿ ಗುಂಡಿ ಹೊಲಿಯುತ್ತಿದ್ದ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗವಿತ್ತು. ಬೀಗ ಹಾಕಿಸಿದವನು ಇವನೇ ಎಂದು ಬೀದಿಗೆಲ್ಲ ಗೊತ್ತು. ಕೋರ್ಟಿನಲ್ಲಿ ಮಾತ್ರ, ಆ ಕಾರ್ಖಾನೆಗೂ ತನಗೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಂಡ. ಕಾಗದದಲ್ಲಿ ಇದ್ದದ್ದು ಯಾವುದೋ ಕಂಪನಿಯ ಹೆಸರು. ಕೇಸು ಬಿದ್ದುಹೋಯಿತು. ಅಮ್ಮ ಅಂದಿನಿಂದ ಅವನಿಗೆ ಶಾಪ ಹಾಕುತ್ತಿದ್ದಳು. ಮಗಳು ಶಾಪ ಹಾಕಲಿಲ್ಲ, ಹುಡುಕುವುದನ್ನು ಕಲಿತಳು.

ಕಳಂಕವಿದ್ದವರ ದಾನ ಸಂಸ್ಥೆಗೆ ಬೇಡ. ಪತ್ತೇದಾರಿ ಬೇಡವೆಂದರೆ ಮುಗಿಯಿತು, ಸಾಹುಕಾರನ ಮಾನ ಮೂರಾಬಟ್ಟೆ.

“ಏನಮ್ಮ, ಇವರಿಂದ ತಗೋಬಹುದಾ?” ಸಂಸ್ಥೆಯ ಡಾಕ್ಟರು ಕೇಳಿದರು.

“ಕೋರ್ಟಲ್ಲಿ ಏನೂ ಸಾಬೀತಾಗಿಲ್ಲ ಸಾರ್. ಆದ್ರೆ ದುಡ್ಡು ಬೇಡ, ಜಾಗ ಕೇಳೋಣ.”

ಸಾಹುಕಾರನ ಮುಂದೆ ಕೂತು ಅವಳು ನಗುನಗುತ್ತಲೇ ಹೇಳಿದಳು: “ದುಡ್ಡು ಕೊಟ್ರೆ ವಾರ್ಡಿನ ಬಾಗಿಲಿಗೆ ನಿಮ್ಮ ಹೆಸರು ಸಾರ್. ಜಾಗ ಕೊಟ್ರೆ ಇಡೀ ಆಸ್ಪತ್ರೆಗೇ ನಿಮ್ಮ ಹೆಸರು. ಯಾರೂ ಕೊಳ್ಳದೆ ಬಿದ್ದಿರೋ ಜಾಗ ಆದ್ರೂ ಪರವಾಗಿಲ್ಲ.”

ಅವನ ಮುಖ ಅರಳಿತು. ಅಂಥದ್ದೊಂದು ಅವನಲ್ಲಿತ್ತು, ಪುಕ್ಕಟೆ ಜಾಹೀರಾತಿನ ಪುಟದಲ್ಲಿ ವರ್ಷಗಳಿಂದ ಕೊಳೆಯುತ್ತಿದ್ದ ಅದನ್ನು ಅವಳು ಆಗಲೇ ನೋಡಿದ್ದಳು.

“ಭಾರಿ ಚುರುಕು ಕಣಮ್ಮ ನೀನು!” ಎಂದ ಸಾಹುಕಾರ. ಅವಳ ಗುರುತು ಅವನಿಗೆ ಹತ್ತಲಿಲ್ಲ. ಕೋರ್ಟಿನ ಹೊರಗೆ ಅಳುತ್ತಿದ್ದವರ ಕಡೆ ಅವನು ಎಂದಾದರೂ ನೋಡಿದ್ದರೆ ತಾನೆ?

“ಎಂದಿನಿಂದ ನಿಮ್ಮದು ಅಂತ ದಾನಪತ್ರದಲ್ಲಿ ಬರೆಸೋಣ ಸಾರ್. ಇಲ್ಲಾಂದ್ರೆ ಜನ ನಿನ್ನೆ ಮೊನ್ನೆ ಕೊಂಡಿದ್ದು ಅಂದ್ಕೋತಾರೆ.”

“ನಿನ್ನೆ ಮೊನ್ನೆದಾ? ವ್ಯಾಪಾರ ಶುರು ಮಾಡಿದಾಗಿಂದ ನಂದೇ! ಬರ್ಕೋ.”

ದಾನಪತ್ರಕ್ಕೆ ರುಜು ಹಾಕುವ ಸಮಾರಂಭಕ್ಕೆ ಬಾ ಎಂದಾಗ ಅಮ್ಮ ಉರಿದುಬಿದ್ದಳು. “ಅವನಿಗೆ ಚಪ್ಪಾಳೆ ತಟ್ಟೋಕೆ ನನ್ನ ಕರೀತೀಯಾ? ನಾಚಿಕೆ ಆಗಲ್ವಾ ನಿನಗೆ?”

“ಬಾಮ್ಮ. ನನಗೋಸ್ಕರ.”

ಅಮ್ಮ ಬಂದಳು, ಹಲ್ಲು ಕಚ್ಚಿಕೊಂಡೇ. ವೇದಿಕೆಯ ಮೇಲೆ ಪತ್ತೇದಾರಿ ತಾನೇ ಪೆನ್ನಿನ ಮುಚ್ಚಳ ತೆಗೆದು ಸಾಹುಕಾರನ ಕೈಗಿಟ್ಟಳು. ಅವನು ಕ್ಯಾಮೆರಾ ಕಡೆ ನೋಡುತ್ತ ರುಜು ಹಾಕಿದ. ಸಭೆ ಚಪ್ಪಾಳೆ ತಟ್ಟಿತು. ಅಮ್ಮನ ಕೈ ಮಾತ್ರ ಮಡಿಲಲ್ಲೇ ಇತ್ತು.

ಅವಳು ಕೆಳಗಿಳಿದು ಬಂದು ಪಕ್ಕದಲ್ಲಿ ಕೂತಾಗ ಅಮ್ಮ ಹಿಂದಿನ ಸಾಲಿನ ಕಡೆ ಕಣ್ಣು ಸನ್ನೆ ಮಾಡಿದಳು. “ನಮ್ಮ ಕೇಸು ನಡೆಸಿದ ವಕೀಲರು ಇಲ್ಲಿಗ್ಯಾಕೆ ಬಂದಿದ್ದಾರೆ? ಅಷ್ಟಕ್ಕೂ ಯಾವ ಜಾಗನೇ ಅದು, ಇಷ್ಟು ಮೆರೆಸೋಕೆ?”

ಮಗಳು ಅಮ್ಮನ ಕೈ ಹಿಡಿದುಕೊಂಡಳು. “ತಂಗಿ ಸುಟ್ಟುಹೋದ ಜಾಗ ಅಮ್ಮ. ಅದು ಆವತ್ತೂ ತನ್ನದೇ ಆಗಿತ್ತು ಅಂತ ಈಗ ತಾನೇ ರುಜು ಹಾಕಿದ.”