ನಾಳೆ ಹೊರಡೋ ಬಾಡಿ

"ತೂತು ಎಲ್ರೀ ಸಾಬ್ರೆ? ರಾತ್ರಿ ಮಳೆಗೆ ಒಳಗೆಲ್ಲ ನೀರು ನಿಂತ್ಬುಟ್ಟೈತೆ. ಇದ್ರಾಗೆ ಶುಂಠಿ ತುಂಬಿದ್ರೆ ಕೊಳ್ತೋಗಲ್ವಾ?"

ಕರಿಯಪ್ಪ ಶೆಡ್ಡಿನ ಹೊರಗೆ ನಿಲ್ಲಿಸಿದ್ದ ತನ್ನ ಲಾರಿಯ ಹಿಂಬಾಗಿಲು ತೆರೆದು ನಿಂತಿದ್ದ. ಅಬ್ದುಲ್ ಸತ್ತಾರ್ ಬಗ್ಗಿ ನೋಡಿದ. ಅಡಿಹಲಗೆಯಲ್ಲಿ ಒಂದೇ ಒಂದು ತೂತಿರಲಿಲ್ಲ.

ಸಕಲೇಶಪುರದಲ್ಲಿ ಇಪ್ಪತ್ತು ವರ್ಷದಿಂದ ಲಾರಿಗೆ ಬಾಡಿ ಕಟ್ಟುತ್ತಿದ್ದವನು ಸತ್ತಾರ್. ಮಳೆನೀರು ಬಸಿಯಲೆಂದು ಅಡಿಗೆ ಆರು ತೂತು ಹಾಕದೆ ಅವನ ಶೆಡ್ಡಿನಿಂದ ಒಂದು ಬಾಡಿಯೂ ಹೊರಗೆ ಹೋದದ್ದಿಲ್ಲ. ನಿನ್ನೆ ಸಂಜೆ ಬಡಗಿ ಕುಳ್ಳಯ್ಯನಿಗೆ ಹೇಳಿಯೂ ಇದ್ದ: "ನಾಳೆ ಹೊರಡೋ ಬಾಡಿಗೆ ಅಡಿ ತೂತು ಹಾಕ್ಬುಡು ಮಾರಾಯ." ಕುಳ್ಳಯ್ಯ ಹೇಳಿದ್ದನ್ನು ಮಾಡುವವನು, ಎದುರು ಕೇಳುವವನಲ್ಲ. ಮನೆಗೆ ಹೊರಡುವಾಗ "ಆರೂ ಹಾಕಿವ್ನಿ" ಎಂದು ಹೇಳಿಯೇ ಹೋಗಿದ್ದ.

ಆರೂ ಹಾಕಿದ್ದಾನೆ. ಲಾರಿಗೆ ಹಾಕಿಲ್ಲ. ಹಾಗಾದರೆ?

ಇವತ್ತು ಹೊರಟದ್ದು ಲಾರಿಯೊಂದೇ ಅಲ್ಲ. ಬೆಳಗ್ಗೆ ಏಳಕ್ಕೇ ಬೋಟೂ ಟ್ರೈಲರ್ ಏರಿ ಹೇಮಾವತಿಯ ಹಿನ್ನೀರಿಗೆ ಹೊರಟುಹೋಗಿತ್ತು. ಈ ಶೆಡ್ಡಿನಲ್ಲಿ ಅದಕ್ಕೂ ಬಾಡಿ ಅಂತಲೇ ಹೆಸರು!

ಬೋಟು ಹೆತ್ತೂರಿನ ಕಾಫಿ ಬೆಳೆಗಾರ ತೋಟಪ್ಪನವರದು. ಅರ್ಧ ಆಯಸ್ಸು ಹಡಗಿನ ಎಂಜಿನ್ ರೂಮಿನಲ್ಲಿ ಕಳೆದು ಬಂದ ಮನುಷ್ಯ. ನಕ್ಷೆ ತಂದು ಹಾಸಿ, ಒಂದೂವರೆ ವರ್ಷ ಪಕ್ಕದಲ್ಲೇ ನಿಂತು ಕಟ್ಟಿಸಿದ್ದರು. ಹೆಬ್ಬಲಸಿನ ಮರದ್ದು, ಮೂವತ್ತೆರಡು ಅಡಿ ಉದ್ದ. ಮೀನು ಹಿಡಿಯುವ ಟ್ರಾಲರಿನ ಹಾಗೆ ಎತ್ತರದ ಮೂತಿ, ತುಂಬಿದ ಹೊಟ್ಟೆ. ನಡುವೆ ಎತ್ತರದಲ್ಲಿ ಸ್ಟಿಯರಿಂಗ್ ಇರುವ ಗಾಜಿನ ಕೋಣೆ. ಅದಕ್ಕೆ ಪೈಲಟ್ ಹೌಸ್ ಅನ್ನಬೇಕಂತೆ. ಗಾಜುಗಳನ್ನು ಮುಂದಕ್ಕೆ ವಾಲಿಸಿ ಕೂರಿಸಿದ್ದು ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು. ಕೆಳಗೆ ಎರಡು ಮಂಚ, ಒಂದು ಅಡುಗೆಮನೆ. ಕೋಣೆಯ ಹಿಂದಿನ ಮಾಡಿನ ಮೇಲಿಡಲು ಅದೇ ಹೆಬ್ಬಲಸಿನ ಮರದ್ದೊಂದು ಪುಟ್ಟ ದೋಣಿ. ಅದನ್ನು ಮೇಲೆತ್ತುವ ರಾಟೆ ಇನ್ನೂ ಬಂದಿರಲಿಲ್ಲ.

ಸತ್ತಾರ್ ಶೆಡ್ಡಿನೊಳಗೆ ಓಡಿದ. ಬೋಟು ನಿಂತಿದ್ದ ಜಾಗದಾಚೆ, ಗೋಡೆಯ ಬುಡದಲ್ಲಿ, ಬೈರಿಗೆಯಿಂದ ಉದುರಿದ ಹೊಸ ಪುಡಿ ಬಿದ್ದಿತ್ತು. ಲಾರಿಯ ಹಲಗೆ ಮತ್ತಿ ಮರದ್ದು, ಅದರ ಪುಡಿ ಕಂದು. ಇದು ಹಳದಿ. ಹೆಬ್ಬಲಸು.

"ಯಾ ಅಲ್ಲಾ! ಕರಿಯಪ್ಪಣ್ಣ, ಲಾರಿ ತೆಗೀರಿ. ನನ್ನ ಮಗಳವ್ಳೆ ಅದ್ರಾಗೆ!"

ಹನ್ನೊಂದು ವರ್ಷದ ಶಾಹೀನ್ ಒಂದು ವಾರದಿಂದ ಹಟ ಹಿಡಿದಿದ್ದಳು. "ಮೊದಲ ಸವಾರಿ ನಿನಗೇ ಕಣಮ್ಮ" ಎಂದು ತೋಟಪ್ಪನವರು ಮಾತು ಕೊಟ್ಟಿದ್ದರು. ಕುಳ್ಳಯ್ಯನನ್ನೂ ಕೂರಿಸಿಕೊಂಡು ಹೋಗಿದ್ದರು.

ಲಾರಿ ಆಲೂರಿನ ದಾರಿ ಹಿಡಿಯಿತು. ಸತ್ತಾರನಿಗೆ ಬೋಟಿನ ಒಂದೊಂದು ಹಲಗೆಯೂ ಗೊತ್ತು, ಅದೇ ಅವನ ಪ್ರಾಣ ಹಿಂಡುತ್ತಿತ್ತು. ಒಳಗೆ ಓಡಾಡುವ ನೆಲ ಬೇರೆ, ಬೋಟಿನ ತಳ ಬೇರೆ. ನಡುವೆ ಎರಡಡಿ ಪೊಳ್ಳು. ಅಲ್ಲಿ ನೀರು ತುಂಬಿದರೆ ಮೇಲಿದ್ದವರಿಗೆ ಸುಳಿವೂ ಸಿಗದು. ಗೊತ್ತಾಗುವ ಹೊತ್ತಿಗೆ ಎಂಜಿನ್ನು ಮುಳುಗಿರುತ್ತದೆ. ಶಾಹೀನಳಿಗೆ ಈಜು ಬಾರದು. ಅವನಿಗಾದರೂ ಎಲ್ಲಿ ಬರುತ್ತದೆ? ಇಪ್ಪತ್ತು ವರ್ಷದ ಕಸುಬು ತನ್ನ ಮಗಳನ್ನೇ ತಿನ್ನುತ್ತದಲ್ಲ ಎಂದುಕೊಂಡ.

ಹೇಮಾವತಿಯ ಹಿನ್ನೀರು ಆ ವರ್ಷ ತುಂಬಿ ತುಳುಕುತ್ತಿತ್ತು. ಇವರು ತಲುಪಿದಾಗ ಬೋಟು ದಡದಿಂದ ಎರಡು ಫರ್ಲಾಂಗು ದೂರವಿತ್ತು. ಕರಿಯಪ್ಪ ಬಿಡದೆ ಹಾರನ್ ಒತ್ತಿದ. ಶುಭ ಕೋರುತ್ತಿದ್ದಾರೆಂದು ತಿಳಿದ ತೋಟಪ್ಪನವರು ತಾವೂ ಹಾರನ್ ಹೊಡೆದರು. ಗಾಜಿನ ಹಿಂದೆ ಶಾಹೀನ್ ಕೈ ಬೀಸಿದಳು. ಬೋಟಿನ ಹಿಂಭಾಗ ತುಸು ತಗ್ಗಿದಂತೆ ಸತ್ತಾರನಿಗೆ ಕಂಡಿತು.

ದಡದಲ್ಲಿ, ಮಾಡಿನ ಮೇಲೆತ್ತಲಾಗದೆ ಬಿಟ್ಟುಹೋದ ಪುಟ್ಟ ದೋಣಿ ಬಿದ್ದಿತ್ತು. ಒಳಗೆ ಅಡಿತುಂಬ ಹರಡಿದ ಟಾರ್ಪಾಲು, ಹಗ್ಗ, ಹುಟ್ಟು.

"ಈಜು ಬರಲ್ಲ ನಿಮ್ಗೆ! ಬ್ಯಾಡ ಕಣ್ರೀ!" ಎಂದು ಕರಿಯಪ್ಪ ರಟ್ಟೆ ಹಿಡಿದ.

ಸತ್ತಾರ್ ಕೊಡವಿಕೊಂಡ. ಮೊಣಕಾಲುದ್ದ ನೀರಿನವರೆಗೆ ದೋಣಿ ನೂಕಿ, ಹತ್ತಿ ಕುಳಿತು ಹುಟ್ಟು ಹಾಕಿದ. ದಡ ಹಿಂದೆ ಸರಿಯಿತು. ನೀರಿಗಿಳಿದಿದ್ದರಿಂದ ಪಾದ ತಣ್ಣಗಿತ್ತು. ಅಭ್ಯಾಸವಿಲ್ಲದ ತೋಳು ಬೇಗ ಸೋತಿತು, ಒಂದೊಂದು ಎಳೆತಕ್ಕೂ ದೋಣಿ ಭಾರವಾಗುತ್ತ ಬಂತು. ಆದರೂ ಅವನು ಬಿಡಲಿಲ್ಲ.

ನಡುನೀರಿಗೆ ಬಂದವನೇ ಗಂಟಲು ಹರಿಯುವಂತೆ ಕೂಗಿದ. "ವಾಪಸ್ ಬನ್ನಿ! ತಳ ತೂತಾಗೈತೆ!"

ಏನೆಂದು ಕೇಳಲು ತೋಟಪ್ಪನವರು ಎಂಜಿನ್ ನಿಲ್ಲಿಸಿದರು. ನೀರಿನ ಮೇಲೆ ಸದ್ದೇ ಇರಲಿಲ್ಲ. ಕುಳ್ಳಯ್ಯ ಹೊರಗೆ ಬಂದು ಕಟಕಟೆ ಹಿಡಿದು ನಿಂತ.

"ಕುಳ್ಳಯ್ಯಾ! ತೂತು ಎಲ್ಲಿಗೆ ಹಾಕ್ದ್ಯೋ?"

ಕುಳ್ಳಯ್ಯ ಎರಡೂ ಕೈ ಬಾಯಿಗೆ ಹಿಡಿದು, ಹೆಮ್ಮೆಯಿಂದಲೇ ಕೂಗಿದ.

"ದೊಡ್ಡದಕ್ಯಾಕೆ ಹಾಕ್ಲಿ ಸಾಬ್ರೆ? ಮಾಡಿನ ಮೇಲಿಡೋದ್ರಾಗಲ್ವಾ ಮಳೆನೀರು ನಿಲ್ಲೋದು? ನೀವು ಕುಂತಿರೋದಕ್ಕೇ ಹಾಕಿವ್ನಿ ಕಣ್ರೀ, ಆರೂ!"